ಹಿಡಿಯಲ್ಲಿ ಉಳಿಸಿ ಅಲಗಿಗೆ ಸುರಿದವರು

ಮಡಚಿ ಜೇಬಿಗಿಳಿಸುವ ಚಾಕುವಿನ ಬೆಲೆಯನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ, ಎಲ್ಲಕ್ಕಿಂತ ದುಬಾರಿಯೆಂದು ಸಾಮಾನ್ಯವಾಗಿ ಭಾವಿಸಲಾಗುವ ಉಕ್ಕೇ ಅದರಲ್ಲಿ ಅಗ್ಗದ ಬಾಬತ್ತು ಎಂಬುದು ತಿಳಿಯುತ್ತದೆ. ಅಂಗೈ ಉದ್ದದ ಅಲಗಿಗೆ ಬೇಕಾಗುವ ಉಕ್ಕು ಇಪ್ಪತ್ತು ಮೂವತ್ತು ಗ್ರಾಂ ದಾಟುವುದು ಅಪರೂಪ. ಖರ್ಚು ಬೀಳುವುದು ಆ ಉಕ್ಕಿಗೆ ಹದ ಕೊಡುವಲ್ಲಿ, ಅದನ್ನು ತೆಳ್ಳಗೆ ಸಾಣೆ ಹಿಡಿಯುವಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅಲಗು ಹಿಡಿಯೊಡನೆ ಕೂಡುವ ಕೀಲನ್ನು ಸಡಿಲವೂ ಆಗದಂತೆ ಬಿರುಸೂ ಆಗದಂತೆ ಹೊಂದಿಸುವಲ್ಲಿ. ಹದವೆಂದರೆ, ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿನಲ್ಲೋ ಎಣ್ಣೆಯಲ್ಲೋ ಥಟ್ಟನೆ ತಣಿಸಿ ಗಡಸಾಗಿಸಿ, ಅನಂತರ ಮತ್ತೆ ಇನ್ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಿಸಿ ಅದರ ಪೆಡಸುತನವನ್ನು ತಗ್ಗಿಸುವ ಕ್ರಿಯೆ. ಲಾರಿಯ ಹಳೆಯ ಕಮಾನುಪಟ್ಟಿಯಿಂದ ವರ್ಷಗಟ್ಟಲೆ ಬಾಳುವ ಕತ್ತಿಯನ್ನು ಬಡಿದುಕೊಡುವ ಹಳ್ಳಿಯ ಕಮ್ಮಾರನ ಹೆಚ್ಚುಗಾರಿಕೆ ಇರುವುದು ಈ ಹದದಲ್ಲಿಯೇ ಹೊರತು ಗುಜರಿಯಿಂದ ತಂದ ಉಕ್ಕಿನಲ್ಲಲ್ಲ. ಹೀಗಿರುವುದರಿಂದ ಕಡಿಮೆ ಬೆಲೆಯ ಒಳ್ಳೆಯ ಜೇಬುಚಾಕುವಿನ ಚರಿತ್ರೆಯು ಮುಖ್ಯವಾಗಿ ಉಕ್ಕಿನ ಚರಿತ್ರೆಯಲ್ಲ. ಚಾಕುವಿನಲ್ಲಿ ಏನನ್ನು ಕೈಬಿಟ್ಟರೂ ನಡೆಯುತ್ತದೆ, ಏನನ್ನು ಬಿಟ್ಟರೆ ನಡೆಯುವುದಿಲ್ಲ ಎಂಬುದನ್ನು ಬೇರೆ ಬೇರೆ ನಾಡುಗಳ ಕಸುಬುದಾರರು ಒಬ್ಬರಿಂದೊಬ್ಬರು ಕಲಿಯದೆಯೇ ಕಂಡುಕೊಂಡ ಚರಿತ್ರೆ ಅದು.

ಯುರೋಪಿನಲ್ಲಿ ಸಾಂಪ್ರದಾಯಿಕವೆನಿಸಿದ ಜೇಬುಚಾಕುಗಳಲ್ಲಿ ಹೆಚ್ಚಿನವು ಬೆನ್ನುಸ್ಪ್ರಿಂಗಿನವು. ಹಿಡಿಯ ಬೆನ್ನಿನುದ್ದಕ್ಕೂ ಇರುವ ಉಕ್ಕಿನ ಪಟ್ಟಿಯೊಂದು ಅಲಗಿನ ಬುಡದ ಮೇಲೆ ಸದಾ ಒತ್ತಿಕೊಂಡಿದ್ದು, ಅಲಗು ಪೂರ್ತಿ ತೆರೆದಾಗಲೂ ಪೂರ್ತಿ ಮಡಚಿದಾಗಲೂ ಅದನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ. ಬಲವಂತವಾಗಿ ತಳ್ಳಿದರೆ ಮಾತ್ರ ಅಲಗು ಕದಲುತ್ತದೆ. ಕೇಳುವುದಕ್ಕೆ ಸರಳವಾದ ಈ ಏರ್ಪಾಡು ಮಾಡುವುದಕ್ಕೆ ಸರಳವಲ್ಲ. ಅಲಗಿಗೂ ಸ್ಪ್ರಿಂಗಿಗೂ ಬೇರೆ ಬೇರೆ ಹದ ಬೇಕು, ಎರಡು ಬದಿಯ ತಗಡುಗಳನ್ನೂ ಅವುಗಳ ಮೇಲಿನ ಕೊಂಬಿನ ಇಲ್ಲವೆ ಮೂಳೆಯ ಹೋಳುಗಳನ್ನೂ ರಿವೆಟ್ಟುಗಳಿಂದ ಬೆಸೆಯಬೇಕು, ಸ್ಪ್ರಿಂಗು ತೆರೆದ ಸ್ಥಿತಿಯಲ್ಲಿಯೂ ಮುಚ್ಚಿದ ಸ್ಥಿತಿಯಲ್ಲಿಯೂ ಹಿಡಿಯ ಬೆನ್ನಿಗೆ ಸಮನಾಗಿ ಕೂರಬೇಕು. ಇದು ಅರದಿಂದ ಒಂದಿಷ್ಟು ಉಜ್ಜಿ, ಕೂಡಿಸಿ ನೋಡಿ, ಬಿಚ್ಚಿ, ಮತ್ತೆ ಉಜ್ಜುವ ಕೈಕೆಲಸ. ಅಗ್ಗದ ಚಾಕು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಈ ಕೈಕೆಲಸವನ್ನು ಅತ್ಯಂತ ದೊಡ್ಡ ಪ್ರಮಾಣಕ್ಕೆ ಬೆಳೆಸಿದ ಊರು ಇಂಗ್ಲೆಂಡಿನ ಶೆಫೀಲ್ಡ್. ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನ ಕಥೆಗಳಲ್ಲಿಯೇ ಶೆಫೀಲ್ಡಿನ ಚೂರಿಯ ಉಲ್ಲೇಖವಿದೆ. 1624ರಲ್ಲಿ ಅಲ್ಲಿನ ಚಾಕು ತಯಾರಕರ ಸಂಘವು ಸಂಸತ್ತಿನ ಕಾಯಿದೆಯ ಮೂಲಕ ಅಧಿಕೃತ ರೂಪ ಪಡೆದು, ಯಾರು ಯಾವ ಮುದ್ರೆಯನ್ನು ಅಲಗಿನ ಮೇಲೆ ಒತ್ತಬಹುದು ಎಂಬುದನ್ನು ನಿಯಂತ್ರಿಸತೊಡಗಿತು. ಊರಿನ ಹೊಳೆಗಳ ನೀರು ಸಾಣೆಕಲ್ಲುಗಳನ್ನು ತಿರುಗಿಸುತ್ತಿತ್ತು. ಅಲಗನ್ನು ಬಡಿಯುವವನೊಬ್ಬ, ಸಾಣೆ ಹಿಡಿಯುವವನಿನ್ನೊಬ್ಬ, ಹಿಡಿ ಕೂಡಿಸುವವನು ಮತ್ತೊಬ್ಬ ಎಂದು ಕೆಲಸ ಹಂಚಿಹೋಗಿದ್ದು, ಬಾಡಿಗೆಯ ಕೊಠಡಿಗಳಲ್ಲಿ ಸ್ವತಂತ್ರವಾಗಿ ದುಡಿಯುತ್ತಿದ್ದ ಸಣ್ಣ ಕಸುಬುದಾರರ ನಡುವೆ ಅರ್ಧ ತಯಾರಾದ ಚಾಕುಗಳು ಓಡಾಡುತ್ತಿದ್ದವು. ಹೀಗೆ ಹಂಚಿಕೊಂಡು ಮಾಡಿದ್ದರಿಂದ ಬೆಲೆ ಇಳಿಯಿತು. ಹದಿನೆಂಟನೆಯ ಶತಮಾನದಲ್ಲಿ ಒಂದು ಪೆನ್ನಿಗೆ ಮಾರಾಟವಾಗುತ್ತಿದ್ದ ಚಾಕುಗಳು ರೈತರ, ನಾವಿಕರ, ಶಾಲಾಬಾಲಕರ ಕೈ ಸೇರಿದವು. ಪೆನ್ನಿ ಚಾಕುವಿನಲ್ಲಿ ಬೆನ್ನುಸ್ಪ್ರಿಂಗೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕಡೆದ ಮರದ ತುಂಡಿನಲ್ಲಿ ಸೀಳು ಕೊರೆದು, ಅದರೊಳಗೆ ಅಲಗನ್ನು ಒಂದೇ ಮೊಳೆಯಿಂದ ಸಿಕ್ಕಿಸಿ, ಮರದ ಬಿಗಿತವೊಂದನ್ನೇ ನೆಚ್ಚಿಕೊಂಡು ಮಾಡಿದ ವಸ್ತು ಅದು. ಶೆಫೀಲ್ಡ್ ತನ್ನ ಕೀರ್ತಿಯನ್ನು ಕಟ್ಟಿದ್ದು ಬೇರೆ ಬಗೆಯ ಚಾಕುಗಳ ಮೇಲೆ, ಆದರೆ ಮುಂದೆ ನೂರಾರು ವರ್ಷ ಉಳಿಯಲಿದ್ದ ಉಪಾಯ ಈ ಕಡೆಗಣಿತ ಪೆನ್ನಿ ಚಾಕುವಿನಲ್ಲಿತ್ತು.

ಅಗ್ಗದ ಬೆಲೆಯ ಒಂದು ಪಾಲನ್ನು ದುಡಿಯುವವರ ಎದೆಗೂಡು ತೆತ್ತಿತೆಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಸಾಣೆಕಲ್ಲಿನಿಂದಲೂ ಉಕ್ಕಿನಿಂದಲೂ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿ ಅದನ್ನು ಗಟ್ಟಿಗೊಳಿಸುವ ರೋಗವನ್ನು ಶೆಫೀಲ್ಡಿನ ವೈದ್ಯರು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ವಿವರವಾಗಿ ದಾಖಲಿಸಿದ್ದರು. ನೀರು ಹನಿಸದೆ ಒಣಗಲ್ಲಿನ ಮೇಲೆ ಫೋರ್ಕುಗಳನ್ನು ಉಜ್ಜುತ್ತಿದ್ದವರು ಎಲ್ಲರಿಗಿಂತ ಬೇಗ ಸಾಯುತ್ತಿದ್ದರು. ಒದ್ದೆಗಲ್ಲಿನ ಮೇಲೆ ಕೆಲಸ ಮಾಡುತ್ತಿದ್ದ ಚಾಕುವಿನವರಿಗೆ ಆಯುಷ್ಯ ಒಂದಿಷ್ಟು ಹೆಚ್ಚು, ಅಷ್ಟೇ.

ಶೆಫೀಲ್ಡಿನ ಉಕ್ಕು ಹೆಸರಾದದ್ದು 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕನು ಮೂಸೆಯಲ್ಲಿ, ಅಂದರೆ ಮಣ್ಣಿನ ಕರಗುಪಾತ್ರೆಯಲ್ಲಿ, ಉಕ್ಕನ್ನು ಪೂರ್ತಿ ಕರಗಿಸಿ ಏಕರೂಪಗೊಳಿಸುವ ವಿಧಾನವನ್ನು ರೂಪಿಸಿದ ಮೇಲೆ. ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಅದಕ್ಕೂ ಎಷ್ಟೋ ಶತಮಾನಗಳ ಹಿಂದಿನಿಂದ ಪರಿಚಿತವಾಗಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಸುತ್ತಿನ ಕುಲುಮೆಗಳಲ್ಲಿ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಡನೆ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಇಂಗ್ಲಿಷರು ವೂಟ್ಜ್ ಎಂದು ಕರೆದ ಈ ಬಗೆಯ ಉಕ್ಕಿನ ಮಾದರಿಗಳು ಮುಂಬಯಿಯಿಂದ ಲಂಡನ್ನಿಗೆ ಹೋಗಿ, 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಅದರ ಪರೀಕ್ಷೆಯ ವಿವರಗಳನ್ನು ಮಂಡಿಸಿದ. ಆ ಪರೀಕ್ಷೆಯ ಭಾಗವಾಗಿ ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕನು ಅದರಿಂದ ಬಡಿದದ್ದು ಕತ್ತಿಯನ್ನಲ್ಲ, ಹಕ್ಕಿಗರಿಯ ಲೇಖನಿಯ ತುದಿ ಸೀಳುವ ಪುಟ್ಟ ಜೇಬುಚಾಕುವನ್ನು. ಅದರಿಂದ ಮನಸೋತ ಸ್ಟೋಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನೂ ನಡೆಸಿದ. ಆದರೂ ಮೈಸೂರಿನ ಉಕ್ಕು ಪೆನ್ನಿ ಚಾಕುವಿಗೆ ಇಳಿಯಲಿಲ್ಲ. ಅದರಲ್ಲಿ ಇಂಗಾಲದ ಅಂಶ ಬಹಳ ಹೆಚ್ಚು. ಕಾವು ತುಸು ಏರಿದರೂ ಸುತ್ತಿಗೆಯ ಕೆಳಗೆ ಪುಡಿಯಾಗುವ ಅಂಥ ಉಕ್ಕನ್ನು ಬಡಿಯುವುದಕ್ಕೆ ಬೇಕಾದ ತಾಳ್ಮೆಗೆ ಅಗ್ಗದ ಚಾಕುವಿನ ಲೆಕ್ಕದಲ್ಲಿ ಜಾಗವಿರಲಿಲ್ಲ. ಅತ್ಯುತ್ತಮ ಉಕ್ಕು ಅತ್ಯುತ್ತಮ ಅಗ್ಗದ ಚಾಕುವನ್ನು ಕೊಡುವುದಿಲ್ಲ ಎಂಬ ಮಾತು ಇಂದಿಗೂ ಹಾಗೆಯೇ ನಿಂತಿದೆ.

ಅಟ್ಲಾಂಟಿಕ್ ದಾಟಿದ ಶೆಫೀಲ್ಡ್ ಚಾಕುಗಳಲ್ಲಿ ಬಾರ್ಲೋ ಎಂಬ ಬಗೆಯದು ಅಮೆರಿಕದ ಹುಡುಗರ ಕನಸಾಯಿತು. ಹಿಡಿಯ ಮುಂಭಾಗವನ್ನು ಕೀಲಿನ ಹತ್ತಿರ ಭದ್ರಪಡಿಸುವ ಲೋಹದ ಪಟ್ಟವನ್ನು ಬಾರ್ಲೋದಲ್ಲಿ ಹಿಡಿಯ ಮೂರನೆಯ ಒಂದು ಭಾಗದಷ್ಟು ಉದ್ದಕ್ಕೆ ಎಳೆಯಲಾಗುತ್ತದೆ. ಒರಟಾಗಿ ಬಳಸುವವನ ಕೈಯಲ್ಲಿ ಮೊದಲು ಸಡಿಲಾಗುವ ಜಾಗಕ್ಕೇ ಹೆಚ್ಚಿನ ಲೋಹವನ್ನು ಕೊಟ್ಟ ಜಾಣತನವದು. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರ್ ಕಾದಂಬರಿಯಲ್ಲಿ ಟಾಮ್‌ಗೆ ಉಡುಗೊರೆಯಾಗಿ ಸಿಗುವ ಬಾರ್ಲೋದ ಬೆಲೆ ಹನ್ನೆರಡೂವರೆ ಸೆಂಟು. ಅದು ಏನನ್ನೂ ಕತ್ತರಿಸುವುದಿಲ್ಲ, ಆದರೂ ಹುಡುಗನ ಹಿಗ್ಗಿಗೆ ಅದರಿಂದ ಕುಂದಿಲ್ಲ. ಇಂಥದನ್ನು ನಕಲು ಮಾಡಿ ಅದರ ಮಾನ ಕಳೆಯುವುದಾದರೂ ಹೇಗೆ ಎಂದು ಲೇಖಕ ಅಲ್ಲಿಯೇ ಕುಟುಕುತ್ತಾನೆ. ಹಾಸ್ಯ ಹಾಗಿರಲಿ, ಹೆಸರು ಮಾತ್ರ ಉಳಿದು ಹರಿತ ಹೊರಟುಹೋದ ಚಾಕುಗಳು ಆ ಕಾಲಕ್ಕಾಗಲೇ ಮಾರುಕಟ್ಟೆ ತುಂಬಿದ್ದವು ಎಂಬುದಕ್ಕೆ ಇದು ಸಾಕ್ಷಿ. 1890ರಲ್ಲಿ ಅಮೆರಿಕ ಸರ್ಕಾರ ಮೆಕಿನ್ಲಿ ಸುಂಕ ಕಾಯಿದೆಯ ಮೂಲಕ ಹೊರದೇಶದ ಚಾಕುಗಳ ಮೇಲೆ ಭಾರಿ ತೆರಿಗೆ ಹೇರಿದಾಗ ಶೆಫೀಲ್ಡಿನ ಅತಿ ದೊಡ್ಡ ಗಿರಾಕಿ ಕೈತಪ್ಪಿಹೋಯಿತು.

ಅದೇ 1890ರಲ್ಲಿ, ಇದಾವುದರ ಸುಳಿವೂ ಇಲ್ಲದೆ, ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಸವೊಯ್ ಸೀಮೆಯಲ್ಲಿ ಹದಿನೆಂಟರ ತರುಣ ಜೋಸೆಫ್ ಒಪಿನೆಲ್ ಒಂದು ಚಾಕು ಮಾಡಿದ. ಸೇಂಟ್-ಜಾನ್-ದ-ಮೊರಿಯೆನ್ ಪಟ್ಟಣದ ಹತ್ತಿರದ ಆಲ್ಬಿಯೇ-ಲ-ವ್ಯೂ ಎಂಬ ಹಳ್ಳಿಯ ಅವನ ಮನೆತನದವರು ಕೊಡಲಿ, ಕುಡುಗೋಲು, ಕಸಿಕತ್ತಿಗಳನ್ನು ಮಾಡುವ ಕಮ್ಮಾರರು. ಜೋಸೆಫನಿಗೆ ಯಂತ್ರಗಳ ಹುಚ್ಚು. ತನ್ನ ಕ್ಯಾಮೆರಾವನ್ನು ತಾನೇ ತಯಾರಿಸಿಕೊಂಡು ಸುತ್ತಲಿನ ಮದುವೆಗಳಲ್ಲಿ ಚಿತ್ರ ತೆಗೆಯುತ್ತಿದ್ದವನು ಅವನು. ಸವೊಯ್‌ನ ರೈತರು ಆಗಲೇ ಬಳಸುತ್ತಿದ್ದ ಮರದ ಹಿಡಿಯ ಒರಟು ಚಾಕುವನ್ನೇ ಅವನು ಎತ್ತಿಕೊಂಡು, ಅದನ್ನು ಯಂತ್ರದಿಂದ ಮಾಡಬಹುದಾದ ವಸ್ತುವನ್ನಾಗಿ ಮರುರೂಪಿಸಿದ. ಅವನ ಚಾಕುವಿನಲ್ಲಿದ್ದ ಭಾಗಗಳು ನಾಲ್ಕೇ: ಅಲಗು, ಮರದ ಹಿಡಿ, ಹಿಡಿಯ ಕುತ್ತಿಗೆಯನ್ನು ಸುತ್ತುವ ಲೋಹದ ಬಳೆ, ಎಲ್ಲವನ್ನೂ ಹಿಡಿದಿಡುವ ಒಂದು ರಿವೆಟ್ಟು. ಬೆನ್ನುಸ್ಪ್ರಿಂಗಿಲ್ಲ, ಬದಿಯ ತಗಡುಗಳಿಲ್ಲ, ಕೊಂಬು ಮೂಳೆಗಳ ಅಲಂಕಾರವಿಲ್ಲ. ಹಿಡಿಯನ್ನು ಎರಡು ಹೋಳುಗಳಾಗಿ ಮಾಡಿ ಬೆಸೆಯುವ ಬದಲು ಒಂದೇ ಮರದ ತುಂಡನ್ನು ಕಡೆದು ನಡುವೆ ಗರಗಸದಿಂದ ಸೀಳು ಕೊರೆಯುವುದರಿಂದ ಹೊಂದಿಸಿ ಕೂಡಿಸುವ ಕೆಲಸವೇ ಇಲ್ಲವಾಯಿತು. ಮರ ಕಡೆಯುವ ಯಂತ್ರವನ್ನೂ ಅವನೇ ರೂಪಿಸಿಕೊಂಡ.

ಈ ಉಳಿತಾಯವೆಲ್ಲ ಹೋದದ್ದು ಅಲಗಿಗೆ. ಒಪಿನೆಲ್ ಅಲಗು ಇಂದಿಗೂ ತನ್ನ ಗಾತ್ರಕ್ಕೆ ಅಚ್ಚರಿಯೆನಿಸುವಷ್ಟು ತೆಳು. ಬೆನ್ನಿನಿಂದ ಬಾಯಿಯವರೆಗೆ ಸಮನಾದ ಇಳಿಜಾರಿನಲ್ಲಿ, ಅತಿ ಸ್ವಲ್ಪ ಉಬ್ಬಿಕೊಂಡು ಸಾಗಿ, ಬಾಯಿಯ ಹಿಂದೆ ಹೆಚ್ಚು ಉಕ್ಕನ್ನು ಉಳಿಸದೆ ಮುಗಿಯುತ್ತದೆ. ಚಾಕು ಕತ್ತರಿಸುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಬಾಯಿಯ ಹರಿತವೊಂದೇ ಅಲ್ಲ, ಆ ಬಾಯಿಯ ಹಿಂದಿನ ದಪ್ಪ. ಹರಿತವನ್ನು ಸಾಣೆಯಿಂದ ಯಾವಾಗ ಬೇಕಾದರೂ ತರಬಹುದು, ದಪ್ಪ ಅಲಗನ್ನು ತೆಳ್ಳಗಾಗಿಸುವುದು ಬಳಸುವವನ ಕೈಯಿಂದಾಗದ ಕೆಲಸ. ಇಂಗಾಲದ ಉಕ್ಕಿನ ಒಪಿನೆಲ್ ಅಲಗಿನಲ್ಲಿ ಇಂಗಾಲ ಶೇಕಡಾ 0.90ರಷ್ಟಿದೆ. ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಒತ್ತಿ ಅದು ಎಷ್ಟು ಆಳಕ್ಕಿಳಿಯುತ್ತದೆಂದು ಅಳೆಯುವ ರಾಕ್‌ವೆಲ್ ಮಾನದಲ್ಲಿ ಅದರ ಗಡಸುತನ ಸುಮಾರು 57ರಿಂದ 59. ಇದು ಹಲವು ಪಟ್ಟು ಬೆಲೆಯ ಚಾಕುಗಳ ಸಾಲಿನಲ್ಲಿ ನಿಲ್ಲುವ ಅಂಕ.

1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಪಡೆದ ಹನ್ನೆರಡು ಗಾತ್ರಗಳು ಸಿದ್ಧವಾಗಿದ್ದವು. ಅತಿ ಚಿಕ್ಕದಾದ ಒಂದನೆಯದನ್ನೂ, ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಹೆಚ್ಚು ವ್ಯತ್ಯಾಸ ತೋರದ ಹನ್ನೊಂದನೆಯದನ್ನೂ 1935ರಲ್ಲಿ ಕೈಬಿಡಲಾಯಿತು. ಎಂಟೂವರೆ ಸೆಂಟಿಮೀಟರು ಅಲಗಿನ ಎಂಟನೆಯ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿ ಉಳಿಯಿತು. ಫ್ರಾನ್ಸಿನಿಂದ ಇಟಲಿಗೆ ಹೋಗುವ ರೈಲುಮಾರ್ಗ ಮೊರಿಯೆನ್ ಕಣಿವೆಯಲ್ಲಿಯೇ ಹಾದುಹೋಗುತ್ತಿದ್ದುದರಿಂದ ರೈಲ್ವೆ ನೌಕರರೂ ತಲೆಹೊರೆಯ ವ್ಯಾಪಾರಿಗಳೂ ಇದನ್ನು ಗಡಿಯಾಚೆಗೆ ಒಯ್ದರು. 1909ರಲ್ಲಿ ಜೋಸೆಫ್ ಕಿರೀಟ ತೊಟ್ಟ ಕೈಯನ್ನು ತನ್ನ ಮುದ್ರೆಯಾಗಿ ನೋಂದಾಯಿಸಿದ. ಮೇಲೆತ್ತಿದ ಆ ಕೈ ಸೇಂಟ್-ಜಾನ್-ದ-ಮೊರಿಯೆನ್ ಪಟ್ಟಣದ ಲಾಂಛನದ್ದು, ಆ ಊರಿನ ಚರ್ಚಿನಲ್ಲಿ ಸ್ನಾನಿಕ ಯೋಹಾನನ ಬೆರಳುಗಳಿವೆಯೆಂಬ ನಂಬಿಕೆಯಿಂದ ಬಂದದ್ದು. ಕಿರೀಟವು ಒಂದು ಕಾಲದ ಸವೊಯ್ ಸಂಸ್ಥಾನವನ್ನು ಸೂಚಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆಲಸವನ್ನು ಶಾಂಬೆರಿ ನಗರದ ಪಕ್ಕದ ಕೊನ್ಯಾಂ ಎಂಬಲ್ಲಿಗೆ ಸಾಗಿಸಲಾಯಿತು; 1926ರಲ್ಲಿ ಅಲ್ಲಿನ ಕಾರ್ಖಾನೆ ಬೆಂಕಿಗೆ ಆಹುತಿಯಾಗಿ ಮತ್ತೆ ಎದ್ದಿತು.

ಒಪಿನೆಲ್‌ಗೆ ಒಂದು ಗಂಭೀರ ಕೊರತೆಯಿತ್ತು. ಬಿಗಿತವೊಂದರಿಂದಲೇ ನಿಲ್ಲುವ ಅಲಗು ಬಲವಾಗಿ ಒತ್ತಿದಾಗ ಬೆರಳಿನ ಮೇಲೆ ಮಡಚಿಕೊಳ್ಳಬಲ್ಲದು. ಇದಕ್ಕೆ 1955ರಲ್ಲಿ ಮಾರ್ಸೆಲ್ ಒಪಿನೆಲ್ ಕಂಡುಹಿಡಿದ ಪರಿಹಾರ, ಆ ಮನೆತನದ ಬುದ್ಧಿಗೆ ತಕ್ಕಂತೆ, ಸ್ಪ್ರಿಂಗಾಗಲಿ ಕೊಕ್ಕೆಯಾಗಲಿ ಅಲ್ಲ. ಮೊದಲಿದ್ದ ಸ್ಥಿರ ಬಳೆಯ ಮೇಲೆ, ಒಂದು ಕಡೆ ಸೀಳಿರುವ ಇನ್ನೊಂದು ಉಕ್ಕಿನ ಬಳೆಯನ್ನು ತೊಡಿಸಿ, ಅಲಗು ತೆರೆದ ಮೇಲೆ ಅದನ್ನು ಬೆರಳಿನಿಂದ ತಿರುಗಿಸಿದರೆ ಸೀಳು ಪಕ್ಕಕ್ಕೆ ಸರಿದು ಬಳೆಯ ಗೋಡೆ ಅಲಗಿನ ಬುಡಕ್ಕೆ ಅಡ್ಡ ನಿಲ್ಲುವಂತೆ ಮಾಡಿದ. ವಿರೊಬ್ಲಾಕ್ ಎಂಬ ಹೆಸರಿನ ಈ ಬಳೆಯ ತುದಿಗಳಲ್ಲಿ ಒಂದಕ್ಕೆ ಸ್ವಲ್ಪ ಓರೆ ಕೊಟ್ಟಿರುವುದರಿಂದ ಕಾಲಾನಂತರ ಕೀಲು ಸವೆದರೂ ಬಳೆಯನ್ನು ಇನ್ನಷ್ಟು ತಿರುಗಿಸಿ ಬಿಗಿಮಾಡಬಹುದು. ತನ್ನ ಸವೆತವನ್ನು ತಾನೇ ತುಂಬಿಕೊಳ್ಳುವ ಬೀಗ ಇಷ್ಟು ಅಗ್ಗದ ವಸ್ತುವಿನಲ್ಲಿ ಬೇರೆ ಸಿಗುವುದು ಕಷ್ಟ. 2000ದಿಂದೀಚೆಗೆ ಮಡಚಿದ ಸ್ಥಿತಿಯಲ್ಲಿಯೂ ಬೀಗ ಹಾಕುವಂತೆ ಅದನ್ನು ತಿದ್ದಲಾಗಿದೆ. ಇನ್ನೊಂದು ಕೊರತೆ ಹಾಗೆಯೇ ಉಳಿದಿದೆ: ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಹಿಡಿಯ ಬುಡವನ್ನು ಮೇಜಿನ ಅಂಚಿಗೆ ಒಮ್ಮೆ ತಟ್ಟಿ ಅಲಗನ್ನು ಹೊರಚಿಮ್ಮಿಸುವ ಸವೊಯ್ ರೈತರ ರೂಢಿಗೆ ಸವೊಯ್ ಪೆಟ್ಟು ಎಂದೇ ಹೆಸರು ಬಿದ್ದಿದೆ. 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಜಗತ್ತಿನ ನೂರು ಸೊಗಸಾದ ವಸ್ತುಗಳ ಸಾಲಿಗೆ ಈ ಚಾಕುವನ್ನು ಸೇರಿಸಿದಾಗ ಅದರ ಜೊತೆಗಿದ್ದವುಗಳಲ್ಲಿ ಪೋರ್ಶೆ ಕಾರೂ ಒಂದು.

ಒಪಿನೆಲ್ ರೂಪುಗೊಳ್ಳುತ್ತಿದ್ದ 1890ರ ದಶಕದಲ್ಲಿಯೇ ಜಪಾನಿನ ಹ್ಯೋಗೊ ಪ್ರಾಂತದ ಮಿಕಿ ಎಂಬ ಕಮ್ಮಾರರ ಊರಿನಲ್ಲಿ ಹಿಗೊನೊಕಾಮಿ ಎಂಬ ಚಾಕು ಹುಟ್ಟಿತು. ಇವೆರಡರ ನಡುವೆ ಕೊಡುಕೊಳೆ ಇರಲಿಲ್ಲ, ಆದರೆ ತರ್ಕ ಒಂದೇ. ಇಲ್ಲಿ ಹಿಡಿಯೆಂದರೆ ಹಿತ್ತಾಳೆಯದೋ ಕಬ್ಬಿಣದ್ದೋ ಒಂದು ತಗಡು, ಉದ್ದಕ್ಕೆ ಮಡಚಿದ್ದು. ಅಲಗು, ತಗಡು, ರಿವೆಟ್ಟು, ಅಲ್ಲಿಗೆ ಚಾಕು ಮುಗಿಯಿತು. ಅಲಗಿನ ಬುಡದಿಂದ ಹೊರಚಾಚಿದ ಚಿಕಿರಿ ಎಂಬ ಪುಟ್ಟ ಬಾಲವನ್ನು ಹೆಬ್ಬೆರಳಿನಿಂದ ಒತ್ತಿದರೆ ಅಲಗು ತೆರೆಯುತ್ತದೆ, ಬಳಸುವಾಗ ಅದೇ ಹೆಬ್ಬೆರಳು ಆ ಬಾಲದ ಮೇಲೆ ಕುಳಿತು ಬೀಗದ ಕೆಲಸ ಮಾಡುತ್ತದೆ. ಹಿಡಿಯಲ್ಲಿ ಇಷ್ಟು ಜಿಪುಣತನ ತೋರಿದ ಮಿಕಿಯ ಕಮ್ಮಾರರು ಅಲಗಿನ ವಿಷಯದಲ್ಲಿ ಜಿಪುಣರಾಗಲಿಲ್ಲ: ಉತ್ತಮ ದರ್ಜೆಯ ಹಿಗೊನೊಕಾಮಿಯಲ್ಲಿ ಗಡಸು ಉಕ್ಕಿನ ತಿರುಳಿಗೆ ಎರಡೂ ಬದಿ ಮೆದು ಕಬ್ಬಿಣವನ್ನು ಬೆಸೆದಿರುತ್ತಾರೆ, ಇದರಿಂದ ಬಾಯಿ ಗಡಸಾಗಿಯೂ ಅಲಗು ಮುರಿಯದಂತೆಯೂ ಇರುತ್ತದೆ. ಪೆನ್ಸಿಲು ಚೂಪು ಮಾಡುವ ಈ ಚಾಕು ಜಪಾನಿನ ಶಾಲಾಮಕ್ಕಳೆಲ್ಲರ ಜೇಬಿನಲ್ಲಿದ್ದ ಕಾಲವೊಂದಿತ್ತು. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸಾನುಮ ಅವರನ್ನು ಹದಿನೇಳರ ಹುಡುಗನೊಬ್ಬ ಸಭೆಯ ವೇದಿಕೆಯ ಮೇಲೆಯೇ ಇರಿದು ಕೊಂದ ಮೇಲೆ, ಆ ಕೃತ್ಯದಲ್ಲಿ ಬಳಕೆಯಾದದ್ದು ಕಿರುಗತ್ತಿಯಾಗಿದ್ದರೂ, ಮಕ್ಕಳ ಕೈಯಿಂದ ಎಲ್ಲ ಬಗೆಯ ಚಾಕುಗಳನ್ನೂ ಬಿಡಿಸುವ ಚಳವಳಿ ದೇಶದಾದ್ಯಂತ ಹಬ್ಬಿತು. ಪೆನ್ಸಿಲು ಹೆರೆಯುವ ಯಂತ್ರಗಳೂ ಬಂದವು. ಮಿಕಿಯಲ್ಲಿ ಹತ್ತಾರು ಇದ್ದ ತಯಾರಕರು ಒಬ್ಬೊಬ್ಬರಾಗಿ ಕುಲುಮೆ ಆರಿಸಿ, ಆ ಹೆಸರಿನ ಹಕ್ಕುಳ್ಳ ಮನೆತನಗಳಲ್ಲಿ ನಾಗಾವೊ ಅವರದೊಂದೇ ಉಳಿದುಕೊಂಡಿತು.

ತಗಡು ಮಡಚುವ ಉಪಾಯವನ್ನೇ ಬೆನ್ನುಸ್ಪ್ರಿಂಗಿಗೆ ಜೋಡಿಸಿದವರು ಫ್ರಾನ್ಸಿನ ಥಿಯೆರ್ ಪಟ್ಟಣದವರು. ಡ್ಯುರೊಲ್ ಹೊಳೆಯ ಕಡಿದಾದ ಕಣಿವೆಯಲ್ಲಿ ಐದಾರು ಶತಮಾನಗಳಿಂದ ಚಾಕು ಮಾಡುತ್ತ ಬಂದ ಈ ಊರಿನ ಸಾಣೆಗಾರರು ತಿರುಗುವ ಕಲ್ಲಿನ ಮೇಲೆ ಅಡ್ಡಹಾಕಿದ ಹಲಗೆಯ ಮೇಲೆ ಬೋರಲು ಮಲಗಿ ಅಲಗನ್ನು ಕಲ್ಲಿಗೆ ಒತ್ತುತ್ತಿದ್ದರು. ಹೊಳೆಯ ಥಂಡಿಯಲ್ಲಿ ಕಾಲು ಮರಗಟ್ಟದಂತೆ ಸಾಕುನಾಯಿಗಳನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದುದನ್ನು ಹಳೆಯ ಛಾಯಾಚಿತ್ರಗಳಲ್ಲಿ ನೋಡಬಹುದು. ಕಲ್ಲಿನ ಹಳದಿ ಕೆಸರು ಮೆತ್ತಿಕೊಳ್ಳುತ್ತಿದ್ದುದರಿಂದ ಅವರಿಗೆ ಹಳದಿ ಹೊಟ್ಟೆಯವರೆಂದು ಅಡ್ಡಹೆಸರು. ಅಲ್ಲಿನ ಕೊನ್ಯೇ ಸಂಸ್ಥೆ 1929ರಲ್ಲಿ ಫ್ರೆಂಚ್ ವಸಾಹತುಗಳ ಮಾರುಕಟ್ಟೆಗೆಂದು ಡೂಕ್-ಡೂಕ್ ಎಂಬ ಚಾಕುವನ್ನು ತಂದಿತು. ಉಕ್ಕಿನ ತಗಡನ್ನು ಮಡಚಿ ಮಾಡಿದ ಹಿಡಿಯ ಮೇಲೆ ಪೆಸಿಫಿಕ್ ದ್ವೀಪಗಳ ದೈವವೊಂದರ ಆಕೃತಿಯನ್ನು, ನಿಘಂಟೊಂದರ ಚಿತ್ರ ನೋಡಿ, ಅಚ್ಚೊತ್ತಲಾಗಿತ್ತು. ದ್ವೀಪವಾಸಿಗಳಿಗೆಂದು ಮಾಡಿದ ಈ ಚಾಕುವನ್ನು ಕೈಬೀಸಿ ಕರೆದದ್ದು ಉತ್ತರ ಆಫ್ರಿಕ. ಅಲ್ಜೀರಿಯಾದಲ್ಲಿ ಅದು ಮನೆಮಾತಾಗಿ, ಮುಂದೆ ಅಲ್ಲಿನ ಸ್ವಾತಂತ್ರ್ಯ ಹೋರಾಟದ ವರ್ಷಗಳಲ್ಲಿ ಇರಿತದ ಆಯುಧವೆಂಬ ಕೆಟ್ಟ ಹೆಸರನ್ನೂ ಹೊತ್ತಿತು. ಅದರ ಸ್ಪ್ರಿಂಗು ಉಗುರು ಕಿತ್ತುಬರುವಷ್ಟು ಬಿರುಸು. ನಾಜೂಕಾಗಿ ಹೊಂದಿಸುವ ಖರ್ಚನ್ನು ತಪ್ಪಿಸಬೇಕಾದಾಗ ಸ್ಪ್ರಿಂಗನ್ನು ಸಡಿಲಕ್ಕಿಂತ ಬಿರುಸಿನ ಕಡೆಗೆ ವಾಲಿಸುವುದು ಒಳ್ಳೆಯದೆಂಬ ನಿರ್ಧಾರ ಅದರ ಹಿಂದಿದೆ, ಮತ್ತು ಆ ನಿರ್ಧಾರ ಸರಿಯಾದದ್ದೇ.

ಜರ್ಮನಿಯ ಸೋಲಿಂಗೆನ್‌ನಲ್ಲಿ ಕೌಫ್‌ಮನ್ ಮನೆತನ ಇಂಡಿಯಾ ಕಾರ್ಖಾನೆ ಎಂಬ ಹೆಸರಿನಡಿ ತಯಾರಿಸುತ್ತಿದ್ದ ಮರ್ಕೇಟರ್ ಚಾಕು ಕೂಡ ಮಡಚಿದ ತಗಡಿನದೇ, ಆದರೆ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಬೀಗವುಳ್ಳದ್ದು. ಹಿಡಿಯ ಮೇಲಿನ ಬೆಕ್ಕಿನ ಚಿತ್ರದಿಂದ ಅದು ಗುರುತಾಗುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನ್ಯಕ್ಕೆ ಒದಗಿಸತೊಡಗಿದ ಚಾಕುವಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. ಅದು ಬೆನ್ನುಸ್ಪ್ರಿಂಗನ್ನು ಕೈಬಿಡದೆ, ಯಂತ್ರದ ನಿಖರತೆಯಿಂದಲೇ ಅದನ್ನು ಅಗ್ಗವಾಗಿಸಿದ ಬೇರೆಯದೇ ದಾರಿ, ಅದಕ್ಕೆ ಬೇಕಾದ ಬಂಡವಾಳ ಸಣ್ಣ ಕುಲುಮೆಗಳ ಅಳವಿನದಲ್ಲ.

ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ಎರಕಹೊಯ್ದಾಗ ಅದನ್ನು ಹದ ಮಾಡುವ ಬಗೆ ಚಾಕುಗಾರರಿಗೆ ತಿಳಿಯದೆ, ಕತ್ತರಿಸದ ಚಾಕುವಿನ ಸಂಶೋಧಕನೆಂದು ಅವನನ್ನು ಗೇಲಿ ಮಾಡಿದರು. ದೋಷ ಉಕ್ಕಿನದಾಗಿರಲಿಲ್ಲ, ಅದಕ್ಕೆ ಹೆಚ್ಚಿನ ಕಾವು ಬೇಕಾಗಿತ್ತು. ಅಗ್ಗದ ಸ್ಟೇನ್‌ಲೆಸ್ ಚಾಕುಗಳ ಮೇಲಿನ ಅಪನಂಬಿಕೆ ಅಂದಿನಿಂದಲೂ ಮುಂದುವರಿದಿದ್ದು, ಬಹುಮಟ್ಟಿಗೆ ಅದೇ ಕಾರಣಕ್ಕಾಗಿ ಇಂದಿಗೂ ನಿಜವಾಗಿದೆ. ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಯಾಂಗ್‌ಜಿಯಾಂಗ್ ನಗರದ ಕಾರ್ಖಾನೆಗಳು ಬಾರ್ಲೋ ಮೊದಲಾದ ಹಳೆಯ ಮಾದರಿಗಳನ್ನು ಮೂಳೆಯ ಹಿಡಿ, ಹೊಳಪಿನ ಪಟ್ಟ ಎಲ್ಲದರೊಡನೆ ಮೂಲಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ತಯಾರಿಸುತ್ತವೆ. ಅವುಗಳಲ್ಲಿ ಕೆಲವು ನಿಜವಾಗಿಯೂ ಒಳ್ಳೆಯವು, ಕೂಡುವಿಕೆಯ ನಯದಲ್ಲಿ ದುಬಾರಿ ಹೆಸರುಗಳನ್ನು ನಾಚಿಸುವಂಥವು. ಆದರೆ ಹಲವದರಲ್ಲಿ ಖರ್ಚು ಹಿಡಿಯ ಅಂದಕ್ಕೆ ಹೋಗಿ ಅಲಗು ದಪ್ಪಗೆ ಉಳಿದಿರುತ್ತದೆ. ಹೆಸರನ್ನು ನಂಬುವುದಕ್ಕೂ ಬರುವುದಿಲ್ಲ. ಸೋಲಿಂಗೆನ್ ಎಂಬ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದೆ. ಆದರೆ ಫ್ರಾನ್ಸಿನ ಲಾಗ್ಯೋಲ್ ಎಂಬ ಹಳ್ಳಿಯಲ್ಲಿ 1829ರ ಸುಮಾರಿಗೆ ಹುಟ್ಟಿದ, ಸ್ಪ್ರಿಂಗಿನ ತಲೆಯ ಮೇಲೆ ದುಂಬಿಯಾಕಾರದ ಕೆತ್ತನೆಯಿರುವ ಚಾಕುವಿನ ಹೆಸರಿಗೆ ದೀರ್ಘಕಾಲ ಅಂಥ ರಕ್ಷಣೆ ಇಲ್ಲದಿದ್ದುದರಿಂದ ಯಾವ ದೇಶದ ಯಾವ ಕಾರ್ಖಾನೆಯಾದರೂ ಆ ಹೆಸರನ್ನೂ ದುಂಬಿಯನ್ನೂ ಬಳಸಿಕೊಂಡಿತು.

ಆದುದರಿಂದ ಅಂಗಡಿಯಲ್ಲಿ ಅಗ್ಗದ ಚಾಕುವನ್ನು ಕೈಗೆತ್ತಿಕೊಂಡವನು ಮುದ್ರೆಯನ್ನು ಓದುವ ಮೊದಲು ಅಲಗನ್ನು ಬೆಳಕಿಗೆ ಹಿಡಿದು ಬಾಯಿಯ ಹಿಂದಿನ ದಪ್ಪವನ್ನು ನೋಡುವುದು ಲೇಸು. ಅಲಗನ್ನು ತೆರೆದು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಿದರೆ ಕೀಲಿನ ಸಡಿಲ ತಿಳಿಯುತ್ತದೆ. ಮಡಚುವಾಗ ಬಾಯಿ ಹಿಡಿಯ ಗೋಡೆಗೆ ಉಜ್ಜುತ್ತದೆಯೇ, ಬೆನ್ನುಸ್ಪ್ರಿಂಗಿಗೆ ತಾಕುತ್ತದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಅಂಥ ಚಾಕು ಪ್ರತಿ ಸಲ ಮಡಚಿದಾಗಲೂ ತನ್ನ ಹರಿತವನ್ನು ತಾನೇ ಕಳೆದುಕೊಳ್ಳುತ್ತದೆ. ಹದವನ್ನು ಮಾತ್ರ ಕಣ್ಣಿನಿಂದ ಅರಿಯಲಾಗದು. ಒಂದಿಷ್ಟು ಗಟ್ಟಿ ಮರ ಹೆರೆದ ಮೇಲೆ ಬಾಯಿ ಹೊರಳಿದ್ದರೆ ಹದ ಮೆದುವಾಯಿತೆಂದೂ, ಚಕ್ಕೆ ಎದ್ದಿದ್ದರೆ ಪೆಡಸಾಯಿತೆಂದೂ ಅರ್ಥ. ತೀರ ಅಗ್ಗದ ಚಾಕುವಿನಲ್ಲಿ ಮೂರು ನಾಲ್ಕು ಅಲಗುಗಳಿಗಿಂತ ಒಂದೇ ಅಲಗಿನದನ್ನು ಆರಿಸುವುದು ಒಳಿತು, ಯಾಕೆಂದರೆ ಒಂದೊಂದು ಹೆಚ್ಚಿನ ಅಲಗೂ ಒಂದೊಂದು ಹೆಚ್ಚಿನ ಕೀಲನ್ನು ಬೇಡುತ್ತದೆ.

ಕರ್ನಾಟಕದ ಹವೆಗೆ ಬಂದಾಗ ಆಯ್ಕೆ ಸ್ವಲ್ಪ ಬದಲಾಗುತ್ತದೆ. ಬಯಲು ಸೀಮೆಯ ಒಣಹವೆಯಲ್ಲಿ ಇಂಗಾಲದ ಉಕ್ಕಿನ ಅಲಗನ್ನು ಬಳಸಿದ ಮೇಲೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಹಣ್ಣುಗಳ ಹುಳಿಯಿಂದ ಅದು ಬೂದುನೀಲಿಗೆ ತಿರುಗುವುದು ದೋಷವಲ್ಲ, ಆ ಪದರ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಆರೈಕೆ ಸಾಲುವುದಿಲ್ಲ, ಮರದ ಹಿಡಿಯೂ ಉಬ್ಬುತ್ತದೆ. ಅಂಥ ಕಡೆ ಒಪಿನೆಲ್‌ನ ಸ್ಟೇನ್‌ಲೆಸ್ ಅಲಗಿನದನ್ನೇ ಆರಿಸಿ, ಹಿಡಿಯ ಸೀಳಿಗೆ ಜೂನ್ ತಿಂಗಳಿಗೆ ಮೊದಲೇ ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಕುಡಿಸಿ ಒಣಗಿಸುವುದು, ಇಲ್ಲವೆ ಮರದ ಗೊಡವೆಯೇ ಬೇಡವೆಂದು ಮಡಚಿದ ತಗಡಿನ ಹಿಡಿಗೆ ಹೋಗುವುದು ಸೂಕ್ತ. ತಗಡಿನ ಚಾಕುಗಳಲ್ಲಿ ಇಂಗಾಲದ ಅಲಗುಗಳೇ ಹೆಚ್ಚಾದ್ದರಿಂದ ಅವಕ್ಕೆ ಎಣ್ಣೆಯ ಉಪಚಾರ ತಪ್ಪದು. ಹಿತ್ತಾಳೆ ಹಿಡಿಯ ಹಿಗೊನೊಕಾಮಿಯಲ್ಲಿ ಹಿಡಿಯ ಚಿಂತೆಯಾದರೂ ಇರುವುದಿಲ್ಲ, ರಿವೆಟ್ಟು ಸಡಿಲಾದರೆ ಅದರ ತಲೆಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಮನೆಯಲ್ಲಿಯೇ ಬಿಗಿಮಾಡಿಕೊಳ್ಳಬಹುದು.